ಮಂಡಿಯೊಳಗಿನ ಇಲಿ

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಶಸ್ತ್ರವೈದ್ಯರಿಗೆ ಕೆಲವರ ಮಂಡಿಯೊಳಗೆ ಇಲಿ ಸಿಗುತ್ತಿತ್ತು. ಅದನ್ನು ಅವರು ‘ಗೆಲೆಂಕ್‌ಮೌಸ್’ ಎಂದು ಕರೆಯುತ್ತಿದ್ದರು. ಕೀಲಿನ ಇಲಿ ಎಂದು ಅದರ ಅರ್ಥ. ಹೆಸರು ತಮಾಷೆಯಾಗಿ ಕೇಳಿಸಿದರೂ ಅದರ ಹಿಂದೆ ಬೆರಳತುದಿಯ ಅನುಭವವಿದೆ. ರೋಗಿ ಕಾಲು ಚಾಚಿ ಕೂತಾಗ ಮಂಡಿಚಿಪ್ಪಿನ ಪಕ್ಕದಲ್ಲಿ ಹುಣಸೆಬೀಜದಷ್ಟು ಗಟ್ಟಿಯಾದದ್ದೊಂದು ಕೈಗೆ ಸಿಗುತ್ತದೆ. ಒತ್ತಿದರೆ ಜಾರಿ ಮಾಯವಾಗುತ್ತದೆ. ಮರುಕ್ಷಣ ಮಂಡಿಯ ಇನ್ನೊಂದು ಮಗ್ಗುಲಲ್ಲಿ ಸಿಕ್ಕೀತು, ಅಥವಾ ವಾರಗಟ್ಟಲೆ ಸಿಗದೇ ಹೋದೀತು. ಹೀಗಿರುವಾಗ ಒಂದು ದಿನ ಮೆಟ್ಟಿಲಿಳಿಯುತ್ತಿದ್ದ ಮನುಷ್ಯ ಅರ್ಧದಲ್ಲೇ ನಿಂತುಬಿಡುತ್ತಾನೆ. ಕಾಲು ಮಡಚಲೂ ಬಾರದು, ಚಾಚಲೂ ಬಾರದು. ಬಾಗಿಲಿನ ಸಂದಿಗೆ ಕಲ್ಲು ಸಿಕ್ಕಿದಂತೆ ಕೀಲು ಬೀಗ ಹಾಕಿಕೊಂಡಿರುತ್ತದೆ.

ಈ ಇಲಿ ನಿಜದಲ್ಲಿ ಮೃದ್ವಸ್ಥಿಯ ಚೂರು. ಅದು ಎಲ್ಲಿಂದ ಬರುತ್ತದೆ, ಒಂದೇ ಇದ್ದದ್ದು ಕೆಲವರಲ್ಲಿ ಹತ್ತಾರು, ನೂರಾರು ಹೇಗಾಗುತ್ತದೆ, ಅದನ್ನು ತೆಗೆಯಬೇಕೇ ಬಿಡಬೇಕೇ, ಅದು ಕ್ಯಾನ್ಸರೇ ಅಲ್ಲವೇ ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ವೈದ್ಯಲೋಕಕ್ಕೆ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. ನಾನು ಓದುತ್ತಿರುವುದು ವೈದ್ಯಕೀಯದ ಇತಿಹಾಸ. ನನ್ನ ಪಿಎಚ್.ಡಿ. ವಿಷಯ ರೋಗಗಳ ಹೆಸರುಗಳು: ಒಂದು ಹೆಸರು ಹುಟ್ಟುವುದು ಹೇಗೆ, ಹುಟ್ಟಿದ ಮೇಲೆ ಅದು ರೋಗಿಯ ದೇಹಕ್ಕೆ ಏನು ಮಾಡುತ್ತದೆ ಎನ್ನುವುದು. ಪ್ಲೇಗು, ಸಿಡುಬು, ಕಾಲರಾಗಳ ಬಗ್ಗೆ ಗ್ರಂಥಾಲಯಗಳು ತುಂಬಿ ತುಳುಕುತ್ತಿವೆ. ಆ ಮಹಾಮಾರಿಗಳ ನಡುವೆ ಮಂಡಿಯೊಳಗಿನ ಈ ಸಣ್ಣ, ಅಪರೂಪದ, ಜೀವ ತೆಗೆಯದ ಬೆಳವಣಿಗೆಯ ಕಡೆ ನನ್ನ ಗಮನ ಹೋದದ್ದಕ್ಕೆ ಕಾರಣವಿದೆ. ಇಲ್ಲಿ ಹೆಸರು ತಪ್ಪಿದರೆ ಕಾಲು ಹೋಗುತ್ತಿತ್ತು. ಹೆಸರು ಸರಿಯಾದ ದಿನದಿಂದ ಕಾಲು ಉಳಿಯತೊಡಗಿತು. ಹೆಸರಿಗೂ ಬದುಕಿಗೂ ಇರುವ ಸಂಬಂಧ ಇಷ್ಟು ನೇರವಾಗಿ ಕಾಣುವ ಅಧ್ಯಾಯಗಳು ಹೆಚ್ಚಿಲ್ಲ.

ಮೊದಲು ಮೃದ್ವಸ್ಥಿ ಎಂಬ ವಸ್ತುವನ್ನೇ ಸ್ವಲ್ಪ ನೋಡೋಣ. ಸುಶ್ರುತ ಸಂಹಿತೆಯು ದೇಹದ ಎಲುಬುಗಳನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ಕಪಾಲ, ರುಚಕ, ತರುಣ, ವಲಯ, ನಲಕ. ಮೂಗು, ಕಿವಿಗಳಲ್ಲಿರುವ ಬಾಗುವ ಎಲುಬು ‘ತರುಣ’. ಹರೆಯದ ಎಲುಬು, ಇನ್ನೂ ಬಲಿಯದ ಎಲುಬು ಎಂಬ ಈ ಕಲ್ಪನೆ ಎಷ್ಟು ಸೊಗಸಾಗಿದೆ! ಭ್ರೂಣದಲ್ಲಿ ನಮ್ಮ ಹೆಚ್ಚಿನ ಎಲುಬುಗಳು ಮೊದಲು ಮೃದ್ವಸ್ಥಿಯಾಗಿ ಮೂಡಿ, ಆಮೇಲೆ ಎಲುಬಾಗಿ ಬಲಿಯುತ್ತವೆ ಎಂದು ಇಂದಿನ ಭ್ರೂಣಶಾಸ್ತ್ರವೂ ಹೇಳುತ್ತದೆ. ಮಂಡಿಯನ್ನು ಮಾತ್ರ ಅದೇ ಗ್ರಂಥ ತಲೆಬುರುಡೆಯ ಜೊತೆಗೆ ‘ಕಪಾಲ’ಗಳ ಸಾಲಿಗೆ ಸೇರಿಸುತ್ತದೆ. ಚಪ್ಪಟೆಯಾದ, ಬಟ್ಟಲಿನಂಥ ಚಿಪ್ಪು ಹೊರಗಿನಿಂದ ಕೈಗೆ ಸಿಗುತ್ತದೆ, ಕೀಲಿನ ಒಳಗಿನ ನುಣುಪು ಹಾಸು ಸಿಗುವುದಿಲ್ಲ. ಮಂಡಿ ದಪ್ಪಗೆ ಊದಿಕೊಂಡು ವಿಪರೀತ ನೋಯುವ ಸ್ಥಿತಿಗೂ ಅಲ್ಲೊಂದು ಹೆಸರಿದೆ: ‘ಕ್ರೋಷ್ಟುಕಶೀರ್ಷ’, ಅಂದರೆ ನರಿಯ ತಲೆ. ಮೇಲೂ ಕೆಳಗೂ ಸೊರಗಿದ ಕಾಲು, ನಡುವೆ ಉಬ್ಬಿದ ಮಂಡಿ. ನೋಡಿದವರಿಗೆ ನರಿಯ ತಲೆ ಹೊಳೆದಿರಬೇಕು. ಜರ್ಮನ್ನರ ಇಲಿ ಬೆರಳಿಗೆ ಸಿಕ್ಕ ಪ್ರಾಣಿ, ನಮ್ಮವರ ನರಿ ಕಣ್ಣಿಗೆ ಕಂಡ ಪ್ರಾಣಿ. ಎರಡೂ ಹೆಸರುಗಳು ಹೊರಗಿನಿಂದ ಇಟ್ಟವು. ಒಳಗೇನಿದೆ ಎಂದು ಗೊತ್ತಾಗಬೇಕಾದರೆ ಮಂಡಿಯನ್ನು ತೆರೆಯಬೇಕಿತ್ತು.

ತೆರೆದವರಲ್ಲಿ ಮೊದಲಿಗನಾಗಿ ವೈದ್ಯ ಇತಿಹಾಸಗಳು ಹೆಸರಿಸುವುದು ಫ್ರಾನ್ಸಿನ ಆಂಬ್ರೋಸ್ ಪಾರೆಯನ್ನು. ಕ್ಷೌರಿಕ-ಶಸ್ತ್ರಚಿಕಿತ್ಸಕನಾಗಿ ಕೆಲಸ ಕಲಿತು, ಯುದ್ಧಭೂಮಿಗಳಲ್ಲಿ ಪಳಗಿ, ರಾಜರ ವೈದ್ಯನಾದವನು ಆತ. 1558ರಲ್ಲಿ ಒಬ್ಬ ದರ್ಜಿಯ ಮಂಡಿಯಲ್ಲಿ ನೀರು ತುಂಬಿದ ಬಾವನ್ನು ಕೊಯ್ದಾಗ ಒಳಗಿನಿಂದ ಬಾದಾಮಿ ಗಾತ್ರದ, ಬೆಳ್ಳಗಿನ, ನುಣುಪಾದ ಗಟ್ಟಿ ಕಲ್ಲೊಂದು ಹೊರಬಂತೆಂದು ಆತ ಬರೆದಿಟ್ಟ. ಆ ದರ್ಜಿ ಗುಣಮುಖನಾದ. ಪಾರೆ ಅದನ್ನು ‘ಕಲ್ಲು’ ಎಂದ. ಮೂತ್ರಕೋಶದಲ್ಲಿ ಕಲ್ಲು ಆಗುವುದಾದರೆ ಮಂಡಿಯಲ್ಲಿ ಯಾಕಾಗಬಾರದು? ಆ ಕಾಲದ ತಿಳಿವಳಿಕೆಗೆ ಅದು ಸಹಜವಾದ ಹೆಸರು. ಆದರೆ ಕಲ್ಲು ಎಂದ ಕೂಡಲೇ ಅದು ನಿರ್ಜೀವ ವಸ್ತುವಾಯಿತು. ಅದು ಜೀವಂತ ಅಂಗಾಂಶ, ಬೆಳೆಯಬಲ್ಲದು ಎಂಬ ಯೋಚನೆಗೆ ಆ ಹೆಸರಿನಲ್ಲಿ ಜಾಗವಿರಲಿಲ್ಲ.

ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಎಡಿನ್‌ಬರೋದ ಅಂಗರಚನಾ ಶಿಕ್ಷಕ ಅಲೆಕ್ಸಾಂಡರ್ ಮನ್ರೋ, ಗಲ್ಲಿಗೇರಿಸಿದ ಹೆಂಗಸೊಬ್ಬಳ ದೇಹವನ್ನು ಛೇದಿಸುವಾಗ ಮಂಡಿಯೊಳಗೆ ಇಂಥದೇ ತುಣುಕನ್ನು ಕಂಡ. ಕೀಲಿನ ಮೇಲ್ಮೈಯಲ್ಲಿ ಅದಕ್ಕೆ ಹೊಂದುವಂಥ ಕುಳಿಯೂ ಇತ್ತು. ಹಾಗಾದರೆ ಇದು ಕಲ್ಲಲ್ಲ, ಕೀಲಿನಿಂದಲೇ ಕಳಚಿಕೊಂಡ ಚೂರು. ಈ ಮಾಹಿತಿಯನ್ನು ಓದುವಾಗ ಒಂದು ಕ್ಷಣ ಪುಸ್ತಕ ಮುಚ್ಚಿಟ್ಟಿದ್ದೆ. ಆ ಹೆಂಗಸು ಯಾರು, ಅವಳ ಅಪರಾಧವೇನು, ಬದುಕಿದ್ದಾಗ ಅವಳ ಮಂಡಿ ನೋಯುತ್ತಿತ್ತೇ, ಮೆಟ್ಟಿಲಲ್ಲಿ ಅವಳೂ ನಿಂತುಬಿಡುತ್ತಿದ್ದಳೇ? ವೈದ್ಯಶಾಸ್ತ್ರಕ್ಕೆ ಅವಳಿಂದ ಸಿಕ್ಕಿದ್ದು ಒಂದು ಕುಳಿ ಮತ್ತು ಒಂದು ಚೂರು ಮಾತ್ರ. ಆ ಶತಮಾನದ ಬ್ರಿಟನ್ನಿನ ಅಂಗರಚನಾ ಶಾಸ್ತ್ರದ ಬಹುಪಾಲು ಇಂಥ ದೇಹಗಳ ಮೇಲೆ ನಿಂತಿದೆ.

ಅದೇ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಜಾನ್ ಹಂಟರ್ ಬೇರೊಂದು ವಾದ ಮುಂದಿಟ್ಟ: ಕೀಲಿನೊಳಗೆ ರಕ್ತ ಸೋರಿ ಹೆಪ್ಪುಗಟ್ಟಿ, ಆ ಹೆಪ್ಪೇ ಕ್ರಮೇಣ ಮೃದ್ವಸ್ಥಿಯಾಗುತ್ತದೆ. ಮುಂದೆ ಸ್ಟೆತೊಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಈ ಚೂರುಗಳು ಕೀಲನ್ನು ಒಳಗಿನಿಂದ ಹೊದ್ದಿರುವ ಪೊರೆಯ ಕೆಳಗೆ ಹುಟ್ಟುತ್ತವೆ ಎಂದ. ಅಲ್ಲಿ ಮೊಳೆತು, ತೊಟ್ಟಿನಿಂದ ಜೋತುಬಿದ್ದು, ಕೊನೆಗೆ ಮಾಗಿದ ಹಣ್ಣಿನಂತೆ ಕಳಚಿ ಕೀಲಿನೊಳಗೆ ಬೀಳುತ್ತವೆ ಎಂಬುದು ಅವನ ಊಹೆ. ಮನ್ರೋನ ಚೂರು, ಹಂಟರನ ಹೆಪ್ಪು, ಲೆನೆಕ್‌ನ ಮೊಗ್ಗು ಇವುಗಳಲ್ಲಿ ಯಾವುದು ಸರಿ ಎಂದು ಶತಮಾನವಿಡೀ ವಾದ ನಡೆಯಿತು. ಇಂದು ಹಿಂತಿರುಗಿ ನೋಡಿದರೆ ಮನ್ರೋ ಮತ್ತು ಲೆನೆಕ್ ಇಬ್ಬರೂ ಸರಿ. ಅವರು ನೋಡುತ್ತಿದ್ದುದು ಎರಡು ಬೇರೆ ಬೇರೆ ರೋಗಗಳನ್ನು. ಇಲಿ ಎಂಬ ಒಂದೇ ಹೆಸರಿನಡಿ ಎರಡು ಕಥೆಗಳು ಅಡಗಿದ್ದವು.

ಮೊದಲ ಕಥೆಗೆ ಹೆಸರಿಟ್ಟವನು ಜರ್ಮನಿಯ ಫ್ರಾನ್ಜ್ ಕೋನಿಗ್. 1887ರ ಸುಮಾರಿಗೆ ಆತ ಅದನ್ನು ‘ಆಸ್ಟಿಯೋಕಾಂಡ್ರೈಟಿಸ್ ಡಿಸೆಕಾನ್ಸ್’ ಎಂದ. ಪೆಟ್ಟೇನೂ ಬೀಳದೆ ಕೀಲಿನ ಮೇಲ್ಮೈಯ ತುಣುಕು ಕಳಚುವುದಕ್ಕೆ ಉರಿಯೂತವೇ ಕಾರಣವಿರಬೇಕು ಎಂಬ ಊಹೆಯಿಂದ ಬಂದ ಹೆಸರಿದು. ಉರಿಯೂತ ಅಲ್ಲಿಲ್ಲ ಎಂದು ಆಮೇಲೆ ಸೂಕ್ಷ್ಮದರ್ಶಕ ತೋರಿಸಿತು. ಹೆಸರು ಮಾತ್ರ ಬದಲಾಗದೆ ಇಂದಿನ ಪಠ್ಯಪುಸ್ತಕಗಳವರೆಗೂ ಬಂದಿದೆ. ಲಂಡನ್ನಿನ ಜೇಮ್ಸ್ ಪ್ಯಾಜೆಟ್ ಇದಕ್ಕೂ ಮೊದಲೇ, 1870ರಲ್ಲಿ, ಇದನ್ನು ಸದ್ದಿಲ್ಲದ ಅಂಗಾಂಶಸಾವು ಎಂಬರ್ಥದ ಮಾತಿನಿಂದ ವಿವರಿಸಿದ್ದ. ವಿವರಣೆ ಹೆಚ್ಚು ಹತ್ತಿರವಾಗಿತ್ತು, ಆದರೂ ಗೆದ್ದದ್ದು ಗ್ರೀಕ್-ಲ್ಯಾಟಿನ್ ಹೆಸರು.

ಎರಡನೆಯ ಕಥೆ ಈ ಬರಹದ ಮುಖ್ಯ ವಸ್ತು. 1900ರಲ್ಲಿ ಜರ್ಮನಿಯ ರೈಕೆಲ್ ಮಂಡಿಯ ಕೀಲುಪೊರೆಯಲ್ಲೇ ಮೃದ್ವಸ್ಥಿಯ ಗಂಟುಗಳು ಮೊಳೆಯುವ ರೋಗವನ್ನು ವಿವರವಾಗಿ ದಾಖಲಿಸಿದ. ಕೀಲುಪೊರೆಯ ಕೆಲಸ ಎಣ್ಣೆಯಂಥ ಕೀಲುರಸವನ್ನು ಸ್ರವಿಸುವುದು. ಈ ರೋಗದಲ್ಲಿ ಅದೇ ಪೊರೆ ತನ್ನ ಕೆಲಸ ಬಿಟ್ಟು ಮೃದ್ವಸ್ಥಿಯನ್ನು ಹೆರತೊಡಗುತ್ತದೆ. ಇಂದು ಇದನ್ನು ಸೈನೋವಿಯಲ್ ಕಾಂಡ್ರೋಮಟೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೇ ಕೀಲಿಗೆ ಬರುತ್ತದೆ, ಹೆಚ್ಚಾಗಿ ಮಂಡಿಗೆ. ಮೂವತ್ತರಿಂದ ಐವತ್ತರ ವಯಸ್ಸಿನವರಲ್ಲಿ ಹೆಚ್ಚು, ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಎರಡು ಪಟ್ಟು.

ಇಲ್ಲಿ ಜೀವಶಾಸ್ತ್ರದ ಒಂದು ಸೋಜಿಗವಿದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ನರಗಳಿಲ್ಲ. ಕೀಲಿನಲ್ಲಿ ಅದು ಬದುಕುವುದು ಕೀಲುರಸವನ್ನು ಹೀರಿಕೊಂಡು. ಹಾಗಾಗಿ ಪೊರೆಯಿಂದ ಕಳಚಿ ಬಿದ್ದ ಚೂರು ಸಾಯುವುದಿಲ್ಲ. ಎಲುಬಿನ ಚೂರಾದರೆ ರಕ್ತವಿಲ್ಲದೆ ಸಾಯುತ್ತದೆ. ಮೃದ್ವಸ್ಥಿಯ ಚೂರು ಮಾತ್ರ ಕೊಳದ ಮೀನಿನಂತೆ ಕೀಲುರಸದಲ್ಲಿ ತೇಲುತ್ತ, ಅದನ್ನೇ ಉಣ್ಣುತ್ತ, ಪದರದ ಮೇಲೆ ಪದರ ಕಟ್ಟಿಕೊಂಡು ಬೆಳೆಯುತ್ತದೆ. ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂಥ ಬಳೆಗಳು ಕಾಣಬಹುದು. ನಾನು ಒಮ್ಮೆ ವೈದ್ಯಕೀಯ ಕಾಲೇಜೊಂದರ ರೋಗಶಾಸ್ತ್ರ ಸಂಗ್ರಹಾಲಯದಲ್ಲಿ ಇವುಗಳನ್ನು ಗಾಜಿನ ಜಾಡಿಯಲ್ಲಿ ನೋಡಿದ್ದೇನೆ. ಫಾರ್ಮಲಿನ್‌ನಲ್ಲಿ ಮುಳುಗಿದ್ದ ಅವು ಸಬ್ಬಕ್ಕಿಯಿಂದ ಹಿಡಿದು ಅಡಿಕೆಯವರೆಗಿನ ಗಾತ್ರದಲ್ಲಿದ್ದವು. ಹೊಳಪಿನ ಬಿಳಿ, ಕೆಲವು ಒಂದಕ್ಕೊಂದು ಉಜ್ಜಿ ಮೂಲೆಗಳು ಚಪ್ಪಟೆಯಾಗಿದ್ದವು. ಚೀಟಿಯಲ್ಲಿ ಅಂಗದ ಹೆಸರು, ರೋಗದ ಹೆಸರು, ಒಂದು ಸಂಖ್ಯೆ ಇತ್ತು. ಇಷ್ಟೆಲ್ಲ ಒಂದೇ ಮಂಡಿಯೊಳಗಿತ್ತು ಎನ್ನುವುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ರೋಗ ಇದೇ ಎಂದು ಗೊತ್ತಾದರೂ ಚಿಕಿತ್ಸೆ ಬೇರೆಯದೇ ಪ್ರಶ್ನೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಮಂಡಿಯನ್ನು ತೆರೆಯುವುದೆಂದರೆ ಸಾವಿನೊಡನೆ ಪಗಡೆಯಾಟ. ಕೀಲಿನೊಳಗೆ ಸೋಂಕು ಹೊಕ್ಕರೆ ಕೀವು ತುಂಬಿ ಕೀಲು ಮರಗಟ್ಟುತ್ತಿತ್ತು, ಅಥವಾ ಕಾಲು ಕತ್ತರಿಸಬೇಕಾಗುತ್ತಿತ್ತು, ಅಥವಾ ರೋಗಿ ಸಾಯುತ್ತಿದ್ದ. ಆದ್ದರಿಂದ ಲೀಡ್ಸ್‌ನ ವಿಲಿಯಂ ಹೇ ಅಂಥ ವೈದ್ಯರು ಲಾಡಿ ಬಿಗಿಯುವ ಮಂಡಿಪಟ್ಟಿ ಕಟ್ಟಿ, ಇಲಿ ಒಂದು ಮೂಲೆಯಲ್ಲೇ ತೆಪ್ಪಗಿರುವಂತೆ ನೋಡಿಕೊಳ್ಳುತ್ತಿದ್ದರು. 1840ರ ದಶಕದಲ್ಲಿ ಫ್ರಾನ್ಸಿನ ಗ್ವಾರಾಂ ಒಂದು ಜಾಣ ಉಪಾಯ ಹೂಡಿದ. ಚರ್ಮದಲ್ಲಿ ಸಣ್ಣ ತೂತು ಮಾಡಿ, ತೆಳ್ಳನೆಯ ಚಾಕುವನ್ನು ಚರ್ಮದಡಿಯಲ್ಲೇ ಓರೆಯಾಗಿ ಸಾಗಿಸಿ, ಕೀಲಿನ ಪೊರೆಯನ್ನು ಸೀಳಿ, ಚೂರನ್ನು ಒತ್ತಿ ಕೀಲಿನಿಂದಾಚೆ ಮಾಂಸದೊಳಕ್ಕೆ ದೂಡುವುದು. ಅಲ್ಲಿ ಅದನ್ನು ಕೆಲವು ದಿನ ಬಿಡುವುದು. ಒಳಗಿನ ಗಾಯ ಕೂಡಿಕೊಂಡ ಮೇಲೆ ಹೊರಗಿನಿಂದ ಚರ್ಮ ಕೊಯ್ದು ಚೂರನ್ನು ತೆಗೆಯುವುದು. ಗಾಳಿ ಕೀಲಿನೊಳಗೆ ಹೊಗದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ಕೇಡು ತರುವುದು ಗಾಳಿಯೇ ಎಂದು ಆಗ ನಂಬಿದ್ದರು. ನಂಬಿಕೆಯ ವಿವರ ಸರಿಯಿರಲಿಲ್ಲ, ಉಪಾಯ ಅನೇಕರ ಕಾಲು ಉಳಿಸಿತು.

ಜೋಸೆಫ್ ಲಿಸ್ಟರ್ 1867ರಲ್ಲಿ ಪ್ರಕಟಿಸಿದ ಸೋಂಕುನಿವಾರಕ ಪದ್ಧತಿ ಈ ಭಯವನ್ನು ಮುರಿಯಿತು. 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಆತ ಮುರಿದ ಮಂಡಿಚಿಪ್ಪೊಂದನ್ನು ತೆರೆದು ತಂತಿಯಿಂದ ಹೊಲಿದಾಗ, ಮಂಡಿಯನ್ನು ಬೇಕೆಂದೇ ತೆರೆದು ಕ್ಷೇಮವಾಗಿ ಮುಚ್ಚಬಹುದು ಎಂಬುದು ಎಲ್ಲರಿಗೂ ಕಂಡಿತು. 1895ರ ಕೊನೆಯಲ್ಲಿ ರಾಂಟ್‌ಗನ್ ಎಕ್ಸ್-ರೇ ಕಂಡುಹಿಡಿದ. ಕೊಯ್ಯದೆಯೇ ಒಳಗೆ ನೋಡುವ ದಾರಿ ತೆರೆಯಿತು. ಆದರೆ ನಮ್ಮ ಇಲಿಯ ವಿಷಯದಲ್ಲಿ ಎಕ್ಸ್-ರೇ ಅರೆಗುರುಡು. ಮೃದ್ವಸ್ಥಿ ಅದರಲ್ಲಿ ಮೂಡುವುದಿಲ್ಲ. ಸುಣ್ಣದಂಶ ಕೂಡಿಕೊಂಡು ಗಟ್ಟಿಯಾದ ಚೂರುಗಳು ಮಾತ್ರ ಉಂಗುರಗಳಂತೆ, ಕಮಾನುಗಳಂತೆ ಕಾಣುತ್ತವೆ. ಸುಣ್ಣಗಟ್ಟದ ಚೂರುಗಳಿಂದ ತುಂಬಿದ ಮಂಡಿಯೂ ಎಕ್ಸ್-ರೇಯಲ್ಲಿ ಆರೋಗ್ಯವಂತ ಮಂಡಿಯಂತೆ ಕಂಡೀತು. ಚಿತ್ರದಲ್ಲಿ ಏನೂ ಇಲ್ಲ ಎಂದ ಮೇಲೆ ರೋಗಿಯ ನೋವಿಗೆ ಸಾಕ್ಷಿ ಯಾರು? ರೋಗಿಯ ಮಾತೊಂದೇ. ಎಂ.ಆರ್.ಐ. ಬಳಕೆಗೆ ಬರುವವರೆಗೆ, ಅಂದರೆ 1980ರ ದಶಕದವರೆಗೆ, ಅನೇಕರ ಪಾಲಿಗೆ ಪರಿಸ್ಥಿತಿ ಹೀಗೇ ಇತ್ತು.

ಈಗ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ: ಹೆಸರು ತಪ್ಪಿದರೆ ಕಾಲು ಹೋಗುತ್ತಿತ್ತು. ಇದಕ್ಕೆ ಮಂಡಿಯ ಇನ್ನೊಂದು ಅಪರೂಪದ ಬೆಳವಣಿಗೆಯನ್ನು ನೋಡಬೇಕು. ಇದು ಕೀಲಿನ ಪೊರೆಯಲ್ಲಿ ಅಲ್ಲ, ಎಲುಬಿನ ತುದಿಯೊಳಗೆ, ಬೆಳವಣಿಗೆಯ ಫಲಕದ ಪಕ್ಕದಲ್ಲಿ ಹುಟ್ಟುವಂಥದು. ಹತ್ತರಿಂದ ಇಪ್ಪತ್ತರ ನಡುವಿನ ಹುಡುಗ ಹುಡುಗಿಯರಲ್ಲಿ ಹೆಚ್ಚು. ತೊಡೆಮೂಳೆಯ ಕೆಳತುದಿ, ಮೊಣಕಾಲ ಮೂಳೆಯ ಮೇಲ್ತುದಿ, ತೋಳಿನ ಮೂಳೆಯ ಮೇಲ್ತುದಿ ಇದಕ್ಕೆ ಪ್ರಿಯವಾದ ಜಾಗಗಳು. ಎಲುಬಿನ ಗಡ್ಡೆಗಳಲ್ಲಿ ಇದು ನೂರಕ್ಕೊಂದರ ಆಸುಪಾಸು. ತಿಂಗಳುಗಟ್ಟಲೆ ಮಂಡಿ ನೋಯುತ್ತದೆ, ಊದುತ್ತದೆ, ಹುಡುಗ ಕುಂಟುತ್ತಾನೆ. ಕೀಲಿನ ಕ್ಷಯವಿರಬಹುದೇ ಎಂಬ ಅನುಮಾನವೂ ಬರುತ್ತದೆ. ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟರೆ ಒತ್ತೊತ್ತಾದ ಕೋಶಗಳು, ನಡುನಡುವೆ ದೈತ್ಯಕೋಶಗಳು. ಕ್ಯಾನ್ಸರ್ ಎಂದು ಹೆದರಲು ಇಷ್ಟು ಸಾಕಿತ್ತು. ಎಲುಬಿನ ಕ್ಯಾನ್ಸರಿಗೆ 1970ರ ದಶಕದಲ್ಲಿ ಪರಿಣಾಮಕಾರಿ ಕೀಮೋಥೆರಪಿ ಬರುವವರೆಗೂ ಮುಖ್ಯ ಚಿಕಿತ್ಸೆ ಒಂದೇ, ಕಾಲನ್ನು ಕತ್ತರಿಸುವುದು.

ಈ ಮಬ್ಬಿನಲ್ಲಿ ದೀಪ ಹಿಡಿದವರಲ್ಲಿ ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಒಬ್ಬ. ಮೊಂಡ ಸತ್ಯವಾದಿ. ಪ್ರತಿ ಆಸ್ಪತ್ರೆಯೂ ತನ್ನ ಪ್ರತಿ ರೋಗಿ ಚಿಕಿತ್ಸೆಯ ನಂತರ ಹೇಗಿದ್ದಾನೆಂದು ಪತ್ತೆಹಚ್ಚಿ, ಫಲಿತಾಂಶವನ್ನು ಒಳ್ಳೆಯದಿರಲಿ ಕೆಟ್ಟದಿರಲಿ ಪ್ರಕಟಿಸಬೇಕು ಎಂದು ಹಟ ಹಿಡಿದ. 1915ರ ಸಭೆಯೊಂದರಲ್ಲಿ ಆತ ಪ್ರದರ್ಶಿಸಿದ ವ್ಯಂಗ್ಯಚಿತ್ರದಲ್ಲಿ ಬಾಸ್ಟನ್ನಿನ ಸಿರಿವಂತ ಬಡಾವಣೆ ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿಯಾಗಿತ್ತು, ಅದಿಡುವ ಚಿನ್ನದ ಮೊಟ್ಟೆಗಳು ವೈದ್ಯರ ಪಾಲಾಗುತ್ತಿದ್ದವು. ಊರಿನ ವೈದ್ಯಸಮಾಜ ಅವನನ್ನು ದೂರವಿಟ್ಟಿತು. 1920ರ ಸುಮಾರಿಗೆ ಆತ ಎಲುಬಿನ ಕ್ಯಾನ್ಸರಿಗೆಂದೇ ಒಂದು ದಾಖಲಾತಿ ಆರಂಭಿಸಿದ. ದೇಶದ ಬೇರೆ ಬೇರೆ ಕಡೆಯಿಂದ ರೋಗಿಗಳ ವಿವರ, ಎಕ್ಸ್-ರೇ, ಅಂಗಾಂಶದ ಗಾಜುಪಟ್ಟಿ ತರಿಸಿ ಒಂದೆಡೆ ಇಟ್ಟ. ಒಂದೇ ಗಾಜುಪಟ್ಟಿಗೆ ಒಬ್ಬೊಬ್ಬ ತಜ್ಞ ಒಂದೊಂದು ಹೆಸರು ಹೇಳುವುದು ಆಗ ಬಯಲಾಯಿತು. 1931ರಲ್ಲಿ ಆತ ತೋಳಿನ ಮೇಲ್ತುದಿಯ ಇಂಥ ಗಡ್ಡೆಗಳನ್ನು ಪ್ರತ್ಯೇಕವಾಗಿ ಗುರುತಿಸಿದ. ದೈತ್ಯಕೋಶ ಗಡ್ಡೆಯ ಮೃದ್ವಸ್ಥಿ ರೂಪ ಇದು ಎಂಬುದು ಅವನ ವ್ಯಾಖ್ಯಾನ. ಇದು ಅರ್ಧ ದಾರಿ. ಕಾಡ್‌ಮನ್ 1940ರಲ್ಲಿ ತೀರಿಕೊಂಡ. ಅವನ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 2014ರಲ್ಲಿ.

ಉಳಿದರ್ಧ ದಾರಿ ನಡೆದವರು ನ್ಯೂಯಾರ್ಕಿನ ಹೆನ್ರಿ ಜಾಫೆ ಮತ್ತು ಲೂಯಿಸ್ ಲಿಕ್ಟನ್‌ಸ್ಟೈನ್. 1942ರಲ್ಲಿ ಅವರು ಈ ಗಡ್ಡೆಯನ್ನು ದೈತ್ಯಕೋಶ ಗಡ್ಡೆಯ ಕುಟುಂಬದಿಂದ ಬೇರ್ಪಡಿಸಿ ‘ಬಿನೈನ್ ಕಾಂಡ್ರೋಬ್ಲಾಸ್ಟೋಮಾ’ ಎಂಬ ಹೆಸರು ಕೊಟ್ಟರು. ಆ ಪ್ರಬಂಧದ ಉಪಶೀರ್ಷಿಕೆ ತನ್ನನ್ನು ಒಂದು ‘ಪುನರ್ವ್ಯಾಖ್ಯಾನ’ ಎಂದು ಕರೆದುಕೊಳ್ಳುತ್ತದೆ. ಸಾಹಿತ್ಯ ವಿಮರ್ಶೆಯ ವಿದ್ಯಾರ್ಥಿಗಳಿಗೆ ಇದು ಪರಿಚಿತ ಪದ: ಪಠ್ಯ ಅದೇ, ಓದು ಬೇರೆ. ಅವರು ಹೊಸ ಗಡ್ಡೆಯನ್ನೇನೂ ಕಂಡುಹಿಡಿಯಲಿಲ್ಲ. ಹಳೆಯ ಗಡ್ಡೆಯನ್ನು ಹೊಸದಾಗಿ ಓದಿದರು. ‘ಬಿನೈನ್’ ಎಂಬ ಪದವನ್ನು ರೋಗದ ಹೆಸರಿನ ಭಾಗವಾಗಿಯೇ ಸೇರಿಸಿದರು. ವೈದ್ಯರು ಹೆದರಿ ಕಾಲು ಕತ್ತರಿಸಬಾರದು ಎಂಬ ಎಚ್ಚರಿಕೆ ಹೆಸರಿನಲ್ಲೇ ಇರಬೇಕು ಎಂಬುದು ಅದರ ಹಿಂದಿನ ತರ್ಕವೆಂದು ನಾನು ಓದುತ್ತೇನೆ. ಈ ಓದಿಗೆ 1948ರ ಅವರ ಇನ್ನೊಂದು ಪ್ರಬಂಧ ಬೆಂಬಲ ಕೊಡುತ್ತದೆ. ಹೆಚ್ಚಾಗಿ ಮಂಡಿಯ ಕೆಳಗಿನ ಮೂಳೆಯಲ್ಲಿ ಕಾಣುವ ಕಾಂಡ್ರೋಮಿಕ್ಸಾಯ್ಡ್ ಫೈಬ್ರೋಮಾ ಎಂಬ ಇನ್ನೂ ಅಪರೂಪದ ಗಡ್ಡೆಯನ್ನು ಅಲ್ಲಿ ವಿವರಿಸಿದರು. ಇದನ್ನು ಮೃದ್ವಸ್ಥಿಯ ಕ್ಯಾನ್ಸರೆಂದು ಭ್ರಮಿಸುವ ಸಂಭವ ಹೆಚ್ಚು ಎಂಬ ಮಾತು ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ. ಶೀರ್ಷಿಕೆಯಲ್ಲೇ ಓದುಗನ ಕೈ ಹಿಡಿದು ನಿಲ್ಲಿಸುವ ಇಂಥ ವೈದ್ಯಕೀಯ ಬರಹಗಳು ವಿರಳ.

ಕೀಲುಪೊರೆಯ ರೋಗಕ್ಕೂ ಇದೇ ಅಪಾಯವಿತ್ತು, ಈಗಲೂ ಇದೆ. ಸೈನೋವಿಯಲ್ ಕಾಂಡ್ರೋಮಟೋಸಿಸ್‌ನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಗುಂಪುಗುಂಪಾಗಿ, ಕೆಲವಕ್ಕೆ ಎರಡೆರಡು ಕೇಂದ್ರಗಳಾಗಿ, ಅಸಹಜವಾಗಿ ಕಾಣುತ್ತವೆ. ಇಂಥದೇ ಕೋಶಗಳು ದೊಡ್ಡ ಮೂಳೆಯೊಳಗಿನಿಂದ ಬಂದಿದ್ದರೆ ರೋಗಶಾಸ್ತ್ರಜ್ಞ ಕ್ಯಾನ್ಸರ್ ಎಂದು ಬರೆದಾನು. ಕೀಲಿನ ಪೊರೆಯಿಂದ ಬಂದಿದ್ದರೆ ಅಲ್ಲ ಎಂದು ಬರೆಯಬೇಕು. ಅಂದರೆ ಕೋಶದ ಅರ್ಥ ಕೋಶದೊಳಗೇ ಪೂರ್ತಿ ಇಲ್ಲ. ಅದು ಎಲ್ಲಿತ್ತು, ಯಾರ ದೇಹದಲ್ಲಿತ್ತು, ಎಷ್ಟು ಕಾಲದಿಂದ ಇತ್ತು ಎನ್ನುವುದರಲ್ಲಿ ಇದೆ. 1958ರಲ್ಲಿ ಎಲುಬು ಕೀಲುಗಳ ಗಡ್ಡೆಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಜಾಫೆ, ಗಾಜುಪಟ್ಟಿಯನ್ನು ಎಕ್ಸ್-ರೇಯ ಪಕ್ಕದಲ್ಲಿಟ್ಟು, ರೋಗಿಯ ವೃತ್ತಾಂತದ ಪಕ್ಕದಲ್ಲಿಟ್ಟು ಓದುವ ಪರಂಪರೆಯನ್ನೇ ಬೆಳೆಸಿದವನು. ಸಂದರ್ಭ ಬಿಟ್ಟು ಪದ ಓದಬಾರದು ಎಂದು ನಮಗೆ ಹಳಗನ್ನಡ ಪಾಠ ಮಾಡುವ ಮೇಷ್ಟ್ರುಗಳು ಹೇಳುವುದೂ ಇದನ್ನೇ. ಅಲ್ಲಿ ತಪ್ಪಿದರೆ ಪದ್ಯದ ಅರ್ಥ ಕೆಡುತ್ತದೆ, ಇಲ್ಲಿ ತಪ್ಪಿದರೆ ಮನುಷ್ಯನ ಕಾಲು.

ಇಷ್ಟರಲ್ಲಿ ಮಂಡಿಯೊಳಗೆ ನೇರವಾಗಿ ಕಣ್ಣಿಡುವ ಇನ್ನೊಂದು ದಾರಿ ಜಪಾನಿನಲ್ಲಿ ತೆರೆದುಕೊಳ್ಳುತ್ತಿತ್ತು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಚಿಂತೆ ಇದ್ದದ್ದು ಕ್ಷಯದಿಂದ ಮರಗಟ್ಟುವ ಮಂಡಿಯ ಬಗ್ಗೆ. ಮಂಡಿಯೂರಿ ನೆಲದ ಮೇಲೆ ಕೂರುವ ಸಮಾಜದಲ್ಲಿ ಮಂಡಿ ಮಡಚಲಾರದವನು ಊಟದ ಪಂಕ್ತಿಯಿಂದಲೂ ಹೊರಗಾಗುತ್ತಾನೆ. ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಕಾಗಿಯವರ ಶಿಷ್ಯ ಮಸಾಕಿ ವಟನಾಬೆ ಈ ಉಪಕರಣವನ್ನು ತಿದ್ದುತ್ತ ತಿದ್ದುತ್ತ 1950ರ ದಶಕದ ಕೊನೆಗೆ ‘ಇಪ್ಪತ್ತೊಂದನೆಯ ಸಂಖ್ಯೆ’ಯ ಆರ್ಥ್ರೋಸ್ಕೋಪ್ ರೂಪಿಸಿದರು. ಅದರ ತುದಿಯಲ್ಲಿ ಪುಟ್ಟ ಬಲ್ಬು ಉರಿಯುತ್ತಿತ್ತು. ಕೀಲಿನೊಳಗೆ ಅದು ಒಡೆಯುವ ಭಯವೂ ಇತ್ತು. 1964ರ ಟೋಕಿಯೋ ಒಲಿಂಪಿಕ್ಸಿಗೆ ಕೆನಡಾ ತಂಡದ ವೈದ್ಯರಾಗಿ ಹೋದ ರಾಬರ್ಟ್ ಜಾಕ್ಸನ್ ವಟನಾಬೆಯವರಿಂದ ಈ ವಿದ್ಯೆ ಕಲಿತು ಪಶ್ಚಿಮಕ್ಕೆ ಒಯ್ದರು. ಇಂದು ಮಂಡಿಯ ಎರಡು ಪಕ್ಕ ಬೆರಳುಗುರಿನಷ್ಟು ತೂತು ಮಾಡಿ, ಒಳಗಿನ ಇಲಿಗಳನ್ನು ಪರದೆಯ ಮೇಲೆ ನೋಡುತ್ತಲೇ ಹಿಡಿದು ತೆಗೆಯುತ್ತಾರೆ. ಮಂಡಿಯ ಹಿಂಬದಿಯ ಮೂಲೆಗಳಲ್ಲಿ ಅಡಗಿದವಕ್ಕೆ, ತೀರಾ ದೊಡ್ಡವಕ್ಕೆ ಮಾತ್ರ ಅಗಲವಾಗಿ ತೆರೆಯಬೇಕಾಗಬಹುದು.

ಆದರೆ ಚೂರುಗಳನ್ನಷ್ಟೇ ತೆಗೆದರೆ ಸಾಕೇ, ಅವನ್ನು ಹೆರುವ ಪೊರೆಯನ್ನೂ ತೆಗೆಯಬೇಕೇ? ಈ ಪ್ರಶ್ನೆಯ ಬಗ್ಗೆ ಯೋಚಿಸುವ ಕ್ರಮವನ್ನೇ ಬದಲಿಸಿದ್ದು ಅಮೆರಿಕದ ಮಿಲ್‌ಗ್ರಮ್ 1977ರಲ್ಲಿ ಪ್ರಕಟಿಸಿದ ಅಧ್ಯಯನ. ಮೂವತ್ತು ರೋಗಿಗಳ ಅಂಗಾಂಶವನ್ನು ಪರೀಕ್ಷಿಸಿ ಆತ ಈ ರೋಗಕ್ಕೆ ಮೂರು ಘಟ್ಟಗಳಿವೆ ಎಂದ. ಮೊದಲ ಘಟ್ಟದಲ್ಲಿ ಪೊರೆ ಮೊಳೆಯುತ್ತಿರುತ್ತದೆ, ಕಳಚಿದ ಚೂರುಗಳಿಲ್ಲ. ಎರಡನೆಯದರಲ್ಲಿ ಮೊಳಕೆಯೂ ಇದೆ, ಚೂರುಗಳೂ ಇವೆ. ಮೂರನೆಯದರಲ್ಲಿ ಪೊರೆ ಶಾಂತವಾಗಿದೆ, ಚೂರುಗಳು ಮಾತ್ರ ಉಳಿದಿವೆ. ರೋಗ ಮೂರನೆಯ ಘಟ್ಟದಲ್ಲಿದ್ದರೆ ಚೂರುಗಳನ್ನು ತೆಗೆದರೆ ಸಾಕಾಗಬಹುದು. ಮೊದಲಿನದಾದರೆ ಪೊರೆಯನ್ನು ಬಿಟ್ಟರೆ ಮತ್ತೆ ಮೊಳೆತೀತು. ಹೀಗೆ ರೋಗವೇನು ಎಂದು ಕೇಳುತ್ತಿದ್ದ ವೈದ್ಯ ರೋಗ ಈಗ ಯಾವ ಕಾಲದಲ್ಲಿದೆ ಎಂದೂ ಕೇಳತೊಡಗಿದ. ಎಲುಬಿನೊಳಗಿನ ಕಾಂಡ್ರೋಬ್ಲಾಸ್ಟೋಮಾಕ್ಕೆ ಚಿಕಿತ್ಸೆ ಬೇರೆ: ಗಡ್ಡೆಯನ್ನು ಕೆರೆದು ತೆಗೆದು, ಆದ ಕುಳಿಗೆ ಮೂಳೆಯ ಚೂರನ್ನೋ ಸಿಮೆಂಟನ್ನೋ ತುಂಬುತ್ತಾರೆ. ಕೆಲವರಲ್ಲಿ ಅದು ಮರಳಿ ಬರುತ್ತದೆ. ಪಕ್ಕದಲ್ಲೇ ಬೆಳವಣಿಗೆಯ ಫಲಕ ಇರುವುದರಿಂದ ಮಕ್ಕಳಲ್ಲಿ ಕೈ ಬಹಳ ಹಗುರವಾಗಿರಬೇಕು, ಇಲ್ಲವಾದರೆ ಒಂದು ಕಾಲು ಗಿಡ್ಡವಾದೀತು.

ವರ್ಗೀಕರಣದ ಕಥೆ ಇನ್ನೂ ಮುಗಿದಿಲ್ಲ. ಕೀಲುಪೊರೆ ತನ್ನ ಸ್ವಭಾವ ಬದಲಿಸಿಕೊಳ್ಳುವುದಷ್ಟೇ ಈ ರೋಗ, ನಿಜವಾದ ಗಡ್ಡೆಯಲ್ಲ ಎಂದು ಬಹುಕಾಲ ನಂಬಿದ್ದರು. ಅನೇಕ ರೋಗಿಗಳ ಕೋಶಗಳಲ್ಲಿ ನಿರ್ದಿಷ್ಟವಾದ ವಂಶವಾಹಿ ಬದಲಾವಣೆ ಇದೆಯೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಇದನ್ನು ಬಿನೈನ್ ಪಟ್ಟಿಯಿಂದ ತೆಗೆದು, ಇದ್ದಲ್ಲೇ ಹಾವಳಿ ಮಾಡುವ ಮಧ್ಯಮ ಗುಂಪಿಗೆ ಸೇರಿಸಿದೆ. ಕಾಂಡ್ರೋಬ್ಲಾಸ್ಟೋಮಾ ಇದಕ್ಕೆ ತಿರುಗುಮುರುಗು ದಾರಿ ಹಿಡಿಯಿತು. ಅಪರೂಪಕ್ಕೆ ಶ್ವಾಸಕೋಶದವರೆಗೂ ಹೋಗುತ್ತದೆ ಎಂಬ ಕಾರಣಕ್ಕೆ 2013ರಲ್ಲಿ ಮಧ್ಯಮ ಗುಂಪಿನಲ್ಲಿದ್ದದ್ದು 2020ರಲ್ಲಿ ಬಿನೈನ್ ಗುಂಪಿಗೆ ಬಂತು. 2013ರಲ್ಲೇ ಇಂಗ್ಲೆಂಡಿನ ಸಂಶೋಧಕರು ಈ ಗಡ್ಡೆಗಳ ಬಹುಪಾಲಿನಲ್ಲಿ ಒಂದೇ ಬಗೆಯ ವಂಶವಾಹಿ ಬದಲಾವಣೆ ಇದೆಯೆಂದು ತೋರಿಸಿದ್ದರು. ಜಾಫೆ ಮತ್ತು ಲಿಕ್ಟನ್‌ಸ್ಟೈನ್ ಕಣ್ಣಳತೆಯಲ್ಲಿ ಬೇರ್ಪಡಿಸಿದ ಗಡ್ಡೆ ನಿಜಕ್ಕೂ ಬೇರೆಯೇ ಎನ್ನಲು ಎಪ್ಪತ್ತು ವರ್ಷಗಳ ನಂತರ ಸಿಕ್ಕ ಪುರಾವೆ ಅದು.

‘ಬಿನೈನ್’ ಎಂಬ ಪದಕ್ಕೆ ಕನ್ನಡದಲ್ಲಿ ಸೌಮ್ಯ, ನಿರಪಾಯ, ನಿರುಪದ್ರವಿ, ಕ್ಯಾನ್ಸರಲ್ಲದ ಎಂದೆಲ್ಲ ಬಳಸುತ್ತೇವೆ. ನನ್ನ ಟಿಪ್ಪಣಿಗಳಲ್ಲಿ ನಾನು ‘ಕ್ಯಾನ್ಸರಲ್ಲದ’ ಎಂಬುದನ್ನೇ ಇಟ್ಟುಕೊಂಡಿದ್ದೇನೆ. ಅದು ಕೊರಕಲು ಪದವೇ ಸರಿ, ಆದರೆ ಇರುವುದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ. ನಿರುಪದ್ರವಿ ಎಂದರೆ ಉಪದ್ರವವಿಲ್ಲದ್ದು. ನೂರು ಚೂರುಗಳನ್ನು ಮಂಡಿಯಲ್ಲಿಟ್ಟುಕೊಂಡು ಬಸ್ಸಿನ ಮೆಟ್ಟಿಲು ಹತ್ತುವವರಿಗೆ, ಆ ಚೂರುಗಳು ಕೀಲಿನ ಹಾಸನ್ನು ಉಜ್ಜಿ ಉಜ್ಜಿ ನಲವತ್ತಕ್ಕೇ ಸಂಧಿವಾತ ತಂದುಕೊಟ್ಟವರಿಗೆ ಆ ಪದ ಅನ್ಯಾಯ ಮಾಡುತ್ತದೆ. ಜಾಫೆಯ ಕಾಲದಲ್ಲಿ ‘ಬಿನೈನ್’ ಎಂಬುದು ಕೊಡಲಿಯನ್ನು ತಡೆದ ಪದ. ನಮ್ಮ ಕಾಲದಲ್ಲಿ ಅದೇ ಪದ ಕೆಲವೊಮ್ಮೆ ನೋವನ್ನು ತಳ್ಳಿಹಾಕುವ ಪದವಾಗುತ್ತದೆ: ಕ್ಯಾನ್ಸರ್ ಅಲ್ಲವಲ್ಲ, ಇನ್ನೇನು, ಹೋಗಿ ಬನ್ನಿ. ಅಪರೂಪದ ರೋಗವಾದರಂತೂ ಹೆಸರು ಸಿಗುವುದಕ್ಕೆ ಮೊದಲು ವಾತ, ವಯಸ್ಸು, ಬೆಳೆಯುವ ನೋವು, ಹಳೆಯ ಪೆಟ್ಟು ಎಂಬ ಹಲವು ಹೆಸರುಗಳನ್ನು ರೋಗಿ ದಾಟಿಕೊಂಡು ಬಂದಿರುತ್ತಾನೆ.

ನಾಲ್ಕು ಶತಮಾನಗಳ ಈ ದಾಖಲೆಗಳಲ್ಲಿ ವೈದ್ಯರ ಹೆಸರುಗಳು ಸಾಕಷ್ಟು ಸಿಗುತ್ತವೆ, 1558ರ ದರ್ಜಿಯಂಥವರ ಮಾತು ಮಾತ್ರ ಸಿಗುವುದಿಲ್ಲ. ಆದರೂ ಪ್ರತಿ ತಿರುವಿನಲ್ಲೂ ಸತ್ಯಕ್ಕೆ ದಾರಿ ಮಾಡಿದ್ದು ರೋಗಿಯ ವೃತ್ತಾಂತವೇ. ಯಾವಾಗ ಶುರುವಾಯಿತು, ಯಾವಾಗ ಬೀಗ ಬಿತ್ತು, ಎಷ್ಟು ವರ್ಷದಿಂದ ಹೀಗಿದೆ ಎಂಬ ಪ್ರಶ್ನೆಗಳಿಗೆ ಗಾಜುಪಟ್ಟಿಯಲ್ಲಾಗಲಿ ಎಂ.ಆರ್.ಐ.ನಲ್ಲಾಗಲಿ ಪೂರ್ಣ ಉತ್ತರವಿಲ್ಲ. ಕಾಡ್‌ಮನ್ ತನ್ನ ರೋಗಿಗಳು ವರ್ಷದ ನಂತರ ಹೇಗಿದ್ದಾರೆಂದು ಹುಡುಕಿಕೊಂಡು ಹೋದದ್ದು, ಮಿಲ್‌ಗ್ರಮ್ ರೋಗದ ಘಟ್ಟಗಳನ್ನು ಎಣಿಸಿದ್ದು, ಎರಡೂ ಇತಿಹಾಸಕಾರನ ಕೆಲಸಗಳೇ. ನೋಯುವ ಮಂಡಿಯವರು ವೈದ್ಯರ ಬಳಿ ಹೋಗುವಾಗ ಎಕ್ಸ್-ರೇ ಕವರಿನ ಜೊತೆಗೆ ತಮ್ಮ ನೋವಿನ ತಾರೀಖುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಸರಿಯಾದ ಹೆಸರು ಎಷ್ಟೋ ಸಲ ಆ ಚೀಟಿಯಿಂದಲೇ ಶುರುವಾಗುತ್ತದೆ.